ಮಿಡಲ್ಸ್‌ಬರೋ: ಹಳಿ ಹೆತ್ತ ಊರು

1801ರ ಜನಗಣತೀಲಿ ಇಂಗ್ಲೆಂಡಿನ ಈಶಾನ್ಯ ಮೂಲೆಯ ಮಿಡಲ್ಸ್‌ಬರೋದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 25 ಜನ, ಅಷ್ಟೇ. ಟೀಸ್ ನದಿ ಪಕ್ಕ ಜೌಗು ನೆಲ, ಒಂದಷ್ಟು ಹೊಲ, ಬೆರಳಲ್ಲಿ ಎಣಿಸೋ ಮನೆಗಳು. ಸರಿಯಾಗಿ ನೂರು ವರ್ಷ ಆದ್ಮೇಲೆ, 1901ರಲ್ಲಿ, ಅದೇ ಊರಲ್ಲಿ ತೊಂಬತ್ತು ಸಾವಿರಕ್ಕೂ ಜಾಸ್ತಿ ಜನ ಇದ್ರು. ರೈಲು ಬಂದು ಕೈಗಾರಿಕೆ ಬೆಳೀತು ಅಂತ ಸ್ಕೂಲ್ ಪುಸ್ತಕದಲ್ಲಿ ಒಂದು ಸಾಲಲ್ಲಿ ಓದಿ ಮುಂದೆ ಹೋಗ್ತೀವಲ್ಲ, ಆ ಒಂದು ಸಾಲಿನ ಒಳಗೆ ಏನೇನಿದೆ ಅಂತ ನೋಡಬೇಕಂದ್ರೆ ಈ ಊರಿಗಿಂತ ಒಳ್ಳೆ ಜಾಗ ನನಗಂತೂ ಗೊತ್ತಿಲ್ಲ.

ಶುರುವಾಗಿದ್ದು ಕಲ್ಲಿದ್ದಲಿಂದ. ಅಲ್ಲೇ ಹತ್ತಿರದ ಡರಮ್ ಸೀಮೇಲಿ ನೆಲದ ತುಂಬಾ ಕಲ್ಲಿದ್ದಲು, ಆದ್ರೆ ಗಣಿಯಿಂದ ನದಿ ತನಕ ಕುದುರೆ ಗಾಡೀಲಿ, ಕೆಸರು ದಾರೀಲಿ ಸಾಗಿಸೋಷ್ಟರಲ್ಲಿ ಬೆಲೆ ಎಲ್ಲಿಗೋ ಹೋಗ್ತಿತ್ತು. 1825ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು ಶುರುವಾಯ್ತು, ಜಾರ್ಜ್ ಸ್ಟೀಫನ್ಸನ್ ಅದರ ಎಂಜಿನಿಯರ್. ಟೀಸ್ ದಂಡೆಯ ಸ್ಟಾಕ್ಟನ್ ಊರಲ್ಲಿ ಟನ್ನಿಗೆ 18 ಶಿಲ್ಲಿಂಗ್ ಇದ್ದ ಕಲ್ಲಿದ್ದಲು ಎರಡೇ ವರ್ಷದಲ್ಲಿ 8 ಶಿಲ್ಲಿಂಗ್ 6 ಪೆನ್ನಿಗೆ ಇಳೀತು. ಅರ್ಧಕ್ಕಿಂತ ಕಮ್ಮಿ! ಒಲೆ ಹಚ್ಚೋ ಮನೆಗೂ, ಬಾಯ್ಲರ್ ಉರಿಸೋ ಕಾರ್ಖಾನೆಗೂ ಇದು ಎಂಥ ಬದಲಾವಣೆ ಅಂತ ಯೋಚನೆ ಮಾಡಿ.

ಇಷ್ಟು ಅಗ್ಗ ಹೇಗಾಯ್ತು ಅಂದ್ರೆ ಗುಟ್ಟು ಇರೋದು ಎಂಜಿನ್‌ಗಿಂತ ಜಾಸ್ತಿ ಹಳೀಲಿ. ಮಣ್ಣು ದಾರೀಲಿ ಗಾಡಿ ಚಕ್ರ ನೆಲಕ್ಕೆ ಇಳಿಯುತ್ತೆ, ಅಂದ್ರೆ ಪ್ರತಿ ಹೆಜ್ಜೆಗೂ ಎತ್ತು ಒಂದು ಸಣ್ಣ ಗುಂಡಿಯಿಂದ ಗಾಡೀನ ಮೇಲಕ್ಕೆ ಎಳೆದ ಹಾಗೆ. ಗಟ್ಟಿ ಲೋಹದ ಮೇಲೆ ಗಟ್ಟಿ ಲೋಹದ ಚಕ್ರ ಉರುಳಿದ್ರೆ ಎರಡೂ ಹೆಚ್ಚು ತಗ್ಗೋದೇ ಇಲ್ಲ, ಇವತ್ತಿನ ಭಾರಿ ವ್ಯಾಗನ್ ಚಕ್ರ ಕೂಡ ಹಳೀನ ಮುಟ್ಟೋದು ಒಂದು ಸಣ್ಣ ನಾಣ್ಯದಷ್ಟು ಜಾಗದಲ್ಲಿ ಮಾತ್ರ. ಹಾಗಾಗಿ ಸಮತಟ್ಟಾದ ಹಳಿ ಮೇಲೆ ಒಂದು ಟನ್ ಭಾರ ಉರುಳಿಸಿಕೊಂಡು ಹೋಗೋಕೆ ಸುಮಾರು ಎರಡು ಕೆಜಿಯಷ್ಟು ಎಳೆತ ಸಾಕು, ಅದೇ ಮಣ್ಣು ದಾರೀಲಿ ಹತ್ತಾರು ಕೆಜಿ ಬೇಕು.

ಸ್ಟಾಕ್ಟನ್ ಹತ್ರ ನದಿ ಆಳ ಇರಲಿಲ್ಲ, ದೊಡ್ಡ ಹಡಗು ಬರೋಕೆ ಆಗ್ತಿರಲಿಲ್ಲ. ಜೋಸೆಫ್ ಪೀಸ್ ಅನ್ನೋ ರೈಲ್ವೆ ಉದ್ಯಮಿ ಜೊತೆಗಾರರನ್ನ ಕಟ್ಟಿಕೊಂಡು ನದಿ ಹರಿವಿನ ಕೆಳಗಡೆ ಮಿಡಲ್ಸ್‌ಬರೋದಲ್ಲಿ ಜಮೀನು ತಗೊಂಡ, 1830ರಲ್ಲಿ ಹಳಿ ಅಲ್ಲಿಗೆ ಬಂತು, ಊರು ಬಂದರಾಯ್ತು. 1841ಕ್ಕೆ ಜನ ಐದು ಸಾವಿರ ದಾಟಿದ್ರು. ಅದೇ ವರ್ಷ ಬೋಲ್ಕೋ ಮತ್ತು ವಾನ್ ಅನ್ನೋ ಇಬ್ಬರು ಅಲ್ಲಿ ಕಬ್ಬಿಣದ ಕೆಲಸ ಶುರು ಮಾಡಿದ್ರು.

ನನ್ನ ಪ್ರಕಾರ ಕಥೆಯ ಜೀವಾಳ ಇರೋದು ಇಲ್ಲಿ. ರೈಲು ಬರೀ ಸರಕು ಸಾಗಿಸಲಿಲ್ಲ, ಅದೇ ಕಬ್ಬಿಣದ ಅತಿ ದೊಡ್ಡ ಗಿರಾಕಿ ಆಗಿಬಿಡ್ತು. ಮೊದಮೊದಲ ಹಳಿಗಳು ತೆಳ್ಳಗಿದ್ವು, ಮೀಟರಿಗೆ ಸುಮಾರು 14 ಕೆಜಿ, ಎಂಜಿನ್ ಭಾರ ಹೆಚ್ಚಾದ ಹಾಗೆ ಹಳಿ ತೂಕಾನೂ ಏರ್ತಾ ಹೋಯ್ತು. ಮೀಟರಿಗೆ 35 ಕೆಜಿ ಅಂತ ಇಟ್ಕೊಂಡ್ರೂ ಒಂದು ಕಿಲೋಮೀಟರ್ ಸಿಂಗಲ್ ಲೈನಿಗೆ ಎರಡು ಕಡೆ ಸೇರಿ 70 ಟನ್. 1850ರ ಹೊತ್ತಿಗೆ ಬ್ರಿಟನ್‌ನಲ್ಲಿ ಸುಮಾರು 6,000 ಮೈಲಿ ರೈಲು ಮಾರ್ಗ ಇತ್ತು, ಬಹಳಷ್ಟು ಡಬಲ್ ಲೈನು. ಗುಣಾಕಾರ ನೀವೇ ಮಾಡಿ ನೋಡಿ, ತಲೆ ತಿರುಗುತ್ತೆ.

1850ರಲ್ಲಿ ಜಾನ್ ವಾನ್‌ಗೆ ಊರ ಪಕ್ಕದ ಎಸ್ಟನ್ ಗುಡ್ಡದಲ್ಲೇ ಕಬ್ಬಿಣದ ಅದಿರಿನ ದಪ್ಪ ಪದರ ಸಿಕ್ತು. ಕೆಲವೇ ತಿಂಗಳಲ್ಲಿ ಗುಡ್ಡಕ್ಕೂ ಹಳಿ ಬಂತು. ಆಗ ಅವರ ಊದುಕುಲುಮೆ, ಅಂದ್ರೆ ಅದಿರು ಕರಗಿಸಿ ಕಬ್ಬಿಣ ತೆಗೆಯೋ ಕುಲುಮೆ, ಇದ್ದದ್ದು ಒಳನಾಡಿನ ವಿಟ್ಟನ್ ಪಾರ್ಕ್‌ನಲ್ಲಿ, ಅದಿರು ರೈಲಲ್ಲಿ ಅಲ್ಲಿಗೆ ಹೋಗಿ ಕಬ್ಬಿಣ ಆಗಿ, ಅದೇ ರೈಲಲ್ಲಿ ವಾಪಸ್ ಮಿಡಲ್ಸ್‌ಬರೋಗೆ ಬಂದು ಹಳಿ ಆಗ್ತಿತ್ತು, ಆಮೇಲೆ ಇಲ್ಲೇ ಕುಲುಮೆಗಳು ಎದ್ದವು. ಕಲ್ಲಿದ್ದಲು ಬರೋದು ರೈಲಲ್ಲಿ, ಅದಿರು ಬರೋದು ರೈಲಲ್ಲಿ, ತಯಾರಾಗೋದು ಹಳಿ, ಆ ಹಳಿ ಇನ್ನೊಂದು ಗಣಿ ಬಾಗಿಲಿಗೆ ಹೋಗಿ ಅಲ್ಲಿಂದ ಮತ್ತೆ ಕಲ್ಲಿದ್ದಲು ಹೊತ್ತು ತರುತ್ತೆ. ಗಾಣದ ಎತ್ತು ಸುತ್ತಿದ ಹಾಗೆ, ಆದ್ರೆ ಪ್ರತಿ ಸುತ್ತಿಗೂ ಗಾಣಾನೇ ದೊಡ್ಡದಾಗ್ತಾ ಹೋಗುತ್ತೆ.

ಕಬ್ಬಿಣದ ಹಳಿಗೆ ಒಂದು ಕೊರತೆ ಇತ್ತು, ಬೇಗ ಸವೆಯೋದು. ಡರ್ಬಿ ಸ್ಟೇಷನ್ನಿನ ಒಂದು ಕಡೆ ರೈಲುಗಳ ಓಡಾಟ ಎಷ್ಟಿತ್ತು ಅಂದ್ರೆ ಆರಾರು ತಿಂಗಳಿಗೆ ಹಳಿ ಬದಲಾಯಿಸಬೇಕಿತ್ತು. 1857ರಲ್ಲಿ ಅಲ್ಲಿ ರಾಬರ್ಟ್ ಮಶೆಟ್ ತಯಾರಿಸಿದ ಉಕ್ಕಿನ ಹಳಿ ಹಾಕಿದ್ರು, ಅದು ಹದಿನಾರು ವರ್ಷ ಬಾಳಿಕೆ ಬಂತು. ಬೆಸೆಮರ್ ವಿಧಾನದಲ್ಲಿ, ಅಂದ್ರೆ ಕರಗಿದ ಕಬ್ಬಿಣದೊಳಗೆ ಗಾಳಿ ಊದಿ, ಉಕ್ಕು ಮಾಡೋದು ಆಗ ಹೊಸದು. ಮಿಡಲ್ಸ್‌ಬರೋಗೆ ಮಾತ್ರ ಇದು ಸಂಕಟಕ್ಕೆ ಬಂತು, ಯಾಕಂದ್ರೆ ಅವರ ಅದಿರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ರಂಜಕ ಉಳಿದ್ರೆ ಉಕ್ಕು ಚಳಿಗೆ ಪೆಡಸಾಗಿ ಮುರಿಯುತ್ತೆ. ಈ ಗಂಟು ಬಿಡಿಸಿದ್ದು ಯಾರು ಗೊತ್ತಾ? ಲಂಡನ್ನಿನ ಪೊಲೀಸ್ ಕೋರ್ಟಲ್ಲಿ ಗುಮಾಸ್ತ ಆಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ಜೊತೆಗೆ ರಸಾಯನಶಾಸ್ತ್ರ ಓದಿದ್ದ ಅವನ ಸೋದರಸಂಬಂಧಿ ಪರ್ಸಿ. ಕುಲುಮೆ ಒಳಗೋಡೆಗೆ ಸುಣ್ಣದ ಗುಣ ಇರೋ ಕಲ್ಲು ಕಟ್ಟಿ, ಒಳಗೂ ಸುಣ್ಣ ಹಾಕಿದ್ರೆ ರಂಜಕ ಹೋಗಿ ಸುಣ್ಣದ ಜೊತೆ ಸೇರಿ ಕಿಟ್ಟ ಆಗಿಬಿಡುತ್ತೆ. 1879ರಲ್ಲಿ ಮಿಡಲ್ಸ್‌ಬರೋದಲ್ಲೇ ಇದನ್ನ ಮಾಡಿ ತೋರಿಸಿದ್ರು. ಬಿಸಾಡಬೇಕಿದ್ದ ಕಿಟ್ಟ ಪುಡಿಯಾಗಿ ಹೊಲಕ್ಕೆ ಗೊಬ್ಬರ ಆಯ್ತು. ಥಾಮಸ್ 34ನೇ ವಯಸ್ಸಿಗೇ ತೀರಿಕೊಂಡ, ಓದುವಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು.

ನಮ್ಮ ಸ್ಕೂಲಲ್ಲಿ ಗಂಟೆ ಅಂತ ನೇತುಹಾಕಿದ್ದು ಒಂದು ಮೊಳ ಹಳಿ ತುಂಡು, ಪ್ಯೂನ್ ಕಬ್ಬಿಣದ ರಾಡಲ್ಲಿ ಬಾರಿಸಿದ್ರೆ ಊರಾಚೆ ಹೊಲಕ್ಕೂ ಕೇಳೋದು. ಅದರ ನಡುವಿನ ಪಟ್ಟಿ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರ ಇದ್ವು, ತುಕ್ಕಲ್ಲಿ ಅರ್ಧ ಅಳಿಸಿತ್ತು, ಬೆರಳಾಡಿಸಿದ್ರೆ ಗೊತ್ತಾಗ್ತಿತ್ತು. ಹಳಿ ಎಳೆದ ಕಾರ್ಖಾನೆ ಹೆಸರು, ಇಸವಿ ಹಾಗೆ ಒತ್ತೋ ರೂಢಿ ಅಂತ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತಲ್ಲ, ಆ ಕಾಲದಲ್ಲಿ ನಮ್ಮ ದೇಶಕ್ಕೆ ಹಳಿ, ಎಂಜಿನ್ನು ಬ್ರಿಟನ್‌ನಿಂದ ಹಡಗಲ್ಲಿ ಬರ್ತಿದ್ವು. ಸ್ಲೀಪರಿಗೆ, ಅಂದ್ರೆ ಹಳಿ ಕೆಳಗೆ ಅಡ್ಡ ಹಾಕೋ ದಿಮ್ಮಿಗೆ, ಮರ ಬಹಳಷ್ಟು ನಮ್ಮ ಕಾಡಿಂದು, ಮಣ್ಣು ಹೊತ್ತವರು ನಮ್ಮವರು, ರೈಲ್ವೆ ಕಂಪನಿಗಳಿಗೆ ಹಾಕಿದ ಬಂಡವಾಳದ ಮೇಲೆ ಶೇಕಡಾ 5 ಗ್ಯಾರಂಟಿ ಲಾಭ ಕೊಟ್ಟಿದ್ದೂ ನಮ್ಮ ತೆರಿಗೆ ದುಡ್ಡೇ. ರೈಲು ಇಲ್ಲಿ ಓಡ್ತಿತ್ತು, ಕುಲುಮೆ ಉರೀತಿದ್ದದ್ದು ಟೀಸ್ ನದಿ ದಂಡೇಲಿ. 1853ರಲ್ಲಿ ಬೊಂಬಾಯಿಂದ ಠಾಣೆಗೆ ಮೊದಲ ಪ್ಯಾಸೆಂಜರ್ ರೈಲು ಹೊರಟು 59 ವರ್ಷ ಆದ್ಮೇಲೆ, 1912ರಲ್ಲಿ, ಸಾಕ್ಚಿಯ (ಇವತ್ತಿನ ಜಮ್ಶೆಡ್‌ಪುರ) ಟಾಟಾ ಕಾರ್ಖಾನೇಲಿ ಮೊದಲ ಉಕ್ಕು ಹೊರಬಂತು.