ಹೆಪ್ಪು ಬೀಳದ ನೆರಳು

ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗ್ಗೆ ಮಲ್ಲಿಗೆ ರಾಶಿಯ ಫೋಟೊ ತೆಗೆದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನೇ ನಂಬಿದ್ದೆ. ಫಿಲ್ಮ್ ರೋಲ್ ತೊಳೆದು ನೋಡಿದರೆ ನೆಗೆಟಿವ್ ತೀರಾ ತೆಳು, ಬೆಳಕು ಸಾಲದೆ ಹೋಗಿತ್ತು. ಟಾರ್ಪಾಲಿನ ನೆರಳಲ್ಲಿ ಕೂತಿದ್ದ ಹೂವಿನ ಅಜ್ಜಿ ಇರಬೇಕಾದ ಕಡೆ ಬರೀ ಖಾಲಿ.

ಮೀಟರಿಗೆ ಒಂದೇ ಹಟ. ಎದುರಿಗೆ ಏನೇ ಇರಲಿ, ಬಿದ್ದ ಬೆಳಕಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ವಾಪಸ್ ಕೊಡುವ ಬೂದು ಬಣ್ಣ ಅಂತಲೇ ಅದರ ಲೆಕ್ಕ. ಬಿಳಿ ಮಲ್ಲಿಗೆ ಕಂಡರೂ ಅಷ್ಟೇ, ಬೆಳಕು ಜಾಸ್ತಿಯಾಯ್ತು ಅಂತ ತಗ್ಗಿಸಲು ಹೇಳುತ್ತದೆ. ನಾನು ಎರಡು ಸ್ಟಾಪ್ ಜಾಸ್ತಿ ಕೊಡಬೇಕಿತ್ತು. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ಎರಡಾದರೆ ನಾಲ್ಕು ಪಟ್ಟು. ಶಟರ್ ತೆರೆದಿರುವ ಹೊತ್ತನ್ನು 1/250 ಸೆಕೆಂಡಿನಿಂದ 1/60 ಸೆಕೆಂಡಿಗೆ ಹೆಚ್ಚಿಸಿದರೂ ಆಯ್ತು, ಅಪರ್ಚರ್ ಅಂದರೆ ಲೆನ್ಸಿನ ಕಿಂಡಿಯನ್ನು 8ರಿಂದ 4ಕ್ಕೆ ತೆರೆದರೂ ಆಯ್ತು. ಅಪರ್ಚರ್ ಅಂಕಿ ಉಲ್ಟಾ ಅಲ್ವಾ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.

ಇನ್ನಷ್ಟು ಹೊತ್ತು ಡೆವಲಪ್ ಮಾಡಿದ್ದರೆ ಅಜ್ಜಿ ಮೂಡುತ್ತಿದ್ದರೇ? ಇಲ್ಲ. ಫಿಲ್ಮಿನ ಜೆಲಾಟಿನ್ ಪದರದಲ್ಲಿ ಸಿಲ್ವರ್ ಬ್ರೋಮೈಡಿನಂಥ ಸಣ್ಣ ಹರಳುಗಳಿರುತ್ತವೆ. ಸಾಕಷ್ಟು ಬೆಳಕು ಬಿದ್ದ ಹರಳಿನಲ್ಲಿ ನಾಲ್ಕೈದು ಬೆಳ್ಳಿ ಪರಮಾಣುಗಳು ಒಂದೆಡೆ ಸೇರುತ್ತವೆ. ಅದೇ ಹೆಪ್ಪು. ಡೆವಲಪರ್, ಅಂದರೆ ಫಿಲ್ಮ್ ತೊಳೆಯುವ ರಾಸಾಯನಿಕ, ಅದನ್ನು ಹಿಡಿದು ಕೋಟಿಗಟ್ಟಲೆ ಪರಮಾಣುಗಳಿರುವ ಇಡೀ ಹರಳನ್ನೇ ಬೆಳ್ಳಿಯಾಗಿಸುತ್ತದೆ. ಹೆಪ್ಪು ಬೀಳದ ಹಾಲನ್ನು ಎಷ್ಟು ಹೊತ್ತು ಬೆಚ್ಚಗಿಟ್ಟರೇನು? ಕೆಡುತ್ತದೆ ಅಷ್ಟೇ. ಫಿಲ್ಮ್ ಕೂಡ ಹಾಗೇ, ಅತಿಯಾಗಿ ಡೆವಲಪ್ ಮಾಡಿದರೆ ಎಲ್ಲೆಡೆ ಮಸುಕು ಕವಿಯುತ್ತದೆ. 400 ಐಎಸ್‌ಒ ಫಿಲ್ಮಿಗೆ 100ರದ್ದಕ್ಕಿಂತ ಬೇಗ ಹೆಪ್ಪು ಬೀಳುತ್ತದೆ; ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ ಅದು. ಸಾಮಾನ್ಯವಾಗಿ 400ರ ಹರಳು ದೊಡ್ಡದು, ಚಿತ್ರ ಕೊಂಚ ತರಿತರಿ.

ಮೀಟರ್ ಇಲ್ಲದೆಯೂ ನಡೆಯುತ್ತದೆ. ಕಬ್ಬನ್ ಪಾರ್ಕಿನ ಬಯಲಲ್ಲಿ ಚುರುಕು ಬಿಸಿಲಿದ್ದರೆ ಅಪರ್ಚರ್ 16, 100 ಐಎಸ್‌ಒ ಫಿಲ್ಮಿಗೆ ಶಟರ್ 1/125. ಮಳೆಮರದ ಕೆಳಗೆ ಬಂದರೆ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರಬಹುದು. ನಮ್ಮ ಕಣ್ಣು ತಟ್ಟನೆ ಹೊಂದಿಕೊಳ್ಳುವುದರಿಂದ ಅಷ್ಟು ವ್ಯತ್ಯಾಸ ಅಂತ ಅನ್ನಿಸುವುದೇ ಇಲ್ಲ. ಅಲ್ಲಿ ಅಪರ್ಚರ್ 4 ಬೇಕು.

ಮುಂದಿನ ಸಲ ಮಾರ್ಕೆಟ್ಟಿಗೆ ಹೋದಾಗ ನನ್ನ ಅಂಗೈಯನ್ನೇ ಟಾರ್ಪಾಲಿನ ಕೆಳಗೆ ಹಿಡಿದು ಮೀಟರ್ ನೋಡಿದೆ. ಅಂಗೈ ಆ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗೆ. ಹಾಗಾಗಿ ಒಂದು ಸ್ಟಾಪ್ ಜಾಸ್ತಿ ಕೊಟ್ಟೆ. ಬಿಸಿಲಲ್ಲಿದ್ದ ಮಲ್ಲಿಗೆಗೆ ಬೆಳಕು ಹೆಚ್ಚಾಯ್ತು ನಿಜ. ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮ್ ಆಗಿದ್ದರೆ ಹೂವು ಸುಮ್ನೆ ಬಿಳಿ ಮುದ್ದೆಯಾಗುತ್ತಿತ್ತು. ನೆಗೆಟಿವ್ ತಾಳಿಕೊಂಡಿತು. ಈ ಸಲ ಅಜ್ಜಿಯ ಸೀರೆಯ ಅಂಚು ಕೂಡ ಬಂತು.