ಸಿಗಡಿಯ ‘ನಂಜು’ ಇರುವುದೆಲ್ಲಿ?

ಕರಾವಳಿಯಲ್ಲಿ ಸಿಗಡಿಗೆ ಹೆಸರು ಹಲವು, ಆರೋಪ ಒಂದೇ. ಕುಂದಾಪುರದ ಕಡೆ ಚಟ್ಲಿ, ತುಳುವಿನಲ್ಲಿ ಎಟ್ಟಿ. ಎಲ್ಲಿ ಹೋದರೂ ಅದು ‘ನಂಜು’. ನಮ್ಮ ಚಿಕ್ಕಮ್ಮನಿಗೆ ಎರಡು ಸಿಗಡಿ ಹೊಟ್ಟೆಗೆ ಹೋದರೆ ಸಾಕು, ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ತುಟಿ ಊದಿ ಕುತ್ತಿಗೆಯ ತುಂಬ ದದ್ದು. ‘ಸಿಗಡಿ ತಾಜಾ ಇರ್ಲಿಲ್ಲ’ ಎಂದು ಅಜ್ಜಿ ತೀರ್ಪು ಕೊಟ್ಟರು. ಮುಂದಿನ ಸಲ ದೋಣಿಯಿಂದ ಆಗಷ್ಟೇ ಇಳಿಸಿದ್ದನ್ನು ತರಿಸಿ, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನಾರು ಎಳೆದು, ಅರಿಸಿನ ಹಾಕಿ ಎರಡು ಕುದಿ ಹೆಚ್ಚೇ ಕುದಿಸಿದರು. ತುಟಿ ಮತ್ತೆ ಊದಿತು.

ಅಜ್ಜಿಯ ಅನುಮಾನ ತೀರಾ ಬುಡವಿಲ್ಲದ್ದಲ್ಲ. ಕೆಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಂಡು ಇಂಥದೇ ದದ್ದು ಏಳುವುದುಂಟು. ಆದರೆ ಸಿಗಡಿಯ ವಿಷಯದಲ್ಲಿ ನಂಜು ಹೊರಗಿನಿಂದ ಬಂದು ಸೇರಿದ್ದಲ್ಲ. ಕಪ್ಪು ನಾರಿನಲ್ಲೂ ಇಲ್ಲ, ಸಿಪ್ಪೆಯಲ್ಲೂ ಇಲ್ಲ. ನಾವು ಆಸೆಪಟ್ಟು ತಿನ್ನುವ ಬಿಳಿ ಮಾಂಸದಲ್ಲೇ, ಅದರ ಸ್ನಾಯುವಿನಲ್ಲೇ ಇದೆ. ಇದನ್ನು ಖಚಿತವಾಗಿ ಹೇಳಲು 1993ರವರೆಗೆ ಕಾಯಬೇಕಾಯಿತು. ಹೇಳಿದ್ದು ಬೆಂಗಳೂರಿನ ಒಂದು ಪ್ರಯೋಗಾಲಯ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ತಿಂದದ್ದು ಮೈಗೆ ಆಗದಿರುವ ಕಾರಣ ತಿನ್ನುವವನ ರಕ್ತದಲ್ಲಿದೆ ಎಂದು ತೋರಿಸಿದ್ದು 1921ರಲ್ಲಿ, ಜರ್ಮನಿಯ ಪ್ರಾಸ್ನಿಟ್ಸ್ ಮತ್ತು ಕುಸ್ಟ್ನರ್. ಕುಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತಸಾರವನ್ನು ಪ್ರಾಸ್ನಿಟ್ಸ್ ತಮ್ಮ ಚರ್ಮದೊಳಗೆ ಚುಚ್ಚಿಸಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡರು. ಅಲ್ಲಷ್ಟೇ ದದ್ದು ಎದ್ದಿತು. ರಕ್ತದಲ್ಲಿದ್ದ ಆ ವಸ್ತು ಐಜಿಇ ಎಂಬ ಪ್ರತಿಕಾಯ ಎಂದು ತಿಳಿದದ್ದು 1960ರ ದಶಕದ ಕೊನೆಗೆ. ಬೀಗದ ಕೈ ಸಿಕ್ಕಿತ್ತು. ಸಿಗಡಿಯೊಳಗಿನ ಬೀಗ ಯಾವುದು ಎಂಬುದು ಮಾತ್ರ ಉಳಿಯಿತು.

ಆ ಬೀಗ ಬೇರೆಯವರ ಕೈಯಲ್ಲಿ ಆಗಲೇ ಇತ್ತು. 1946ರಲ್ಲಿ ಕೇಂಬ್ರಿಜ್‌ನ ಕೆನೆತ್ ಬೈಲಿ ಮೊಲದ ಸ್ನಾಯುವಿನಿಂದ ಒಂದು ಹೊಸ ಪ್ರೋಟೀನ್ ಬೇರ್ಪಡಿಸಿ ಟ್ರೋಪೋಮಯೋಸಿನ್ ಎಂದು ಹೆಸರಿಟ್ಟಿದ್ದರು. ಅವರಿಗೆ ಬೇಕಾಗಿದ್ದದ್ದು ಸ್ನಾಯು ಹೇಗೆ ಬಿಗಿದುಕೊಳ್ಳುತ್ತದೆ ಎಂಬ ಗುಟ್ಟು. ಅಲರ್ಜಿಯ ವೈದ್ಯರು ಆ ಲೇಖನ ಓದಲು ಕಾರಣವೇ ಇರಲಿಲ್ಲ.

1981ರಲ್ಲಿ ಅಮೆರಿಕದ ಹಾಫ್‌ಮನ್ ಮತ್ತು ಸಂಗಡಿಗರು, ಸಿಗಡಿಯಲ್ಲಿ ಕಾಯಿಸಿದರೂ ಅಲರ್ಜಿಯ ಗುಣ ಬಿಡದ ಪ್ರೋಟೀನ್ ಒಂದಿದೆ ಎಂದು ತೋರಿಸಿದರು. ಅಷ್ಟರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ.ವಿ. ಸುಬ್ಬರಾವ್ ಅವರ ತಂಡ ನಮ್ಮದೇ ಕಡಲಿನ ಬಿಳಿ ಸಿಗಡಿಯ ಬೆನ್ನು ಹತ್ತಿತು. ಜೊತೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೀನ್ ಮೆಟ್‌ಕಾಫ್ ಇದ್ದರು. 1987ರಲ್ಲಿ ಅವರ ಮೊದಲ ವರದಿ ಎಲ್ಲರನ್ನೂ ಹುಬ್ಬೇರಿಸುವಂತಿತ್ತು. ಅವರು ಗುರುತಿಸಿದ ಅಲರ್ಜಿಕಾರಕ ಪ್ರೋಟೀನೇ ಅಲ್ಲ, ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಟಿ-ಆರ್‌ಎನ್‌ಎ! ನನಗೆ ಈ ತಿರುವು ಇಷ್ಟ. ಹುಡುಕಾಟ ನೇರ ದಾರಿಯಲ್ಲಿ ಹೋಗಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. 1989ರಲ್ಲಿ ಅದೇ ತಂಡ ಕಾಯಿಸಿದರೂ ಕೆಡದ ಎರಡು ಅಲರ್ಜಿಕಾರಕಗಳನ್ನು ಬೇರ್ಪಡಿಸಿತು. ದೊಡ್ಡದು ಸುಮಾರು 34 ಕಿಲೋಡಾಲ್ಟನ್ ತೂಕದ್ದು. ಏನೆಂದು ಗೊತ್ತಿಲ್ಲದ್ದರಿಂದ ‘ಎಸ್ಎ-2’ ಎಂಬ ಸಂಕೇತವಷ್ಟೇ.

ಅದನ್ನು ತುಂಡು ಮಾಡಿ, ಅಮೈನೋ ಆಮ್ಲಗಳ ಸಾಲನ್ನು ಓದಿ, ಗೊತ್ತಿದ್ದ ಪ್ರೋಟೀನುಗಳ ಪಟ್ಟಿಯೊಡನೆ ತಾಳೆ ನೋಡಿದಾಗ ಹೊಂದಿದ್ದು ಯಾವ ವಿಷದ ಜೊತೆಗೂ ಅಲ್ಲ. ಬಾಳೆಹಣ್ಣಿನ ಮೇಲೆ ಕೂರುವ ಪುಟ್ಟ ನೊಣದ ಟ್ರೋಪೋಮಯೋಸಿನ್ ಜೊತೆಗೆ. 1993ರ ಆ ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗಳ ಐಜಿಇ ಆ ಪ್ರೋಟೀನಿನ ಯಾವ ತುಣುಕುಗಳಿಗೆ ಅಂಟುತ್ತದೆ ಎಂದೂ ಗುರುತಿಸಿತ್ತು. ಮರುವರ್ಷವೇ ನ್ಯೂ ಆರ್ಲಿಯನ್ಸ್‌ನ ಸ್ಯಾಮ್ಯುಯೆಲ್ ಲೆಹ್ರರ್ ತಂಡ ಅಲ್ಲಿನ ಕಂದು ಸಿಗಡಿಯಲ್ಲಿ ಇದನ್ನೇ ಕಂಡಿತು. ಇನ್ನೊಂದು ಏಷ್ಯಾದ ಸಿಗಡಿಯಲ್ಲೂ ಉತ್ತರ ಅದೇ ಬಂತು.

ಟ್ರೋಪೋಮಯೋಸಿನ್ ಹೇಗಿದೆ ಎಂದು ತಿಳಿಯಲು ತೆಂಗಿನ ನಾರಿನ ಹುರಿಹಗ್ಗ ನೆನೆಸಿಕೊಂಡರೆ ಸಾಕು. ತಲಾ 284 ಅಮೈನೋ ಆಮ್ಲಗಳ ಎರಡು ಎಳೆ ಒಂದಕ್ಕೊಂದು ಹೊಸೆದುಕೊಂಡು, ಸ್ನಾಯುವಿನಲ್ಲಿರುವ ಆಕ್ಟಿನ್ ಎಂಬ ಪ್ರೋಟೀನಿನ ತಂತುವಿನ ಮೇಲೆ ಮಲಗಿರುತ್ತವೆ. ಕ್ಯಾಲ್ಸಿಯಂ ಬಂದಾಗ ಹಗ್ಗ ಸ್ವಲ್ಪ ಸರಿದು ದಾರಿ ಬಿಡುತ್ತದೆ, ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಆ ತಂತುವನ್ನು ಹಿಡಿದೆಳೆಯುತ್ತದೆ, ಸಿಗಡಿ ಬಾಲ ಬಡಿಯುತ್ತದೆ. ಕಾಯಿಸಿದರೆ ಮೊಟ್ಟೆಯ ಬಿಳಿ ಗಟ್ಟಿಯಾಗಿ ಹಿಂದಿನಂತಾಗುವುದಿಲ್ಲ. ಈ ಹಗ್ಗ ಮಾತ್ರ ಬಿಸಿಗೆ ಬಿಚ್ಚಿಕೊಂಡು ಆರಿದ ಮೇಲೆ ಮತ್ತೆ ಹೊಸೆದುಕೊಳ್ಳುತ್ತದೆ. ನೀರಿನಲ್ಲೂ ಕರಗುತ್ತದೆ. ಸಿಗಡಿ ಬೇಯಿಸಿದ ನೀರಿಗೇ ಅಲರ್ಜಿಕಾರಕ ಇಳಿದಿರುವುದನ್ನು ಲೆಹ್ರರ್ ತಂಡ 1990ರಲ್ಲೇ ತೋರಿಸಿತ್ತು. ‘ಹೋಳು ಬೇಡ, ಬರೀ ಸಾರು ಬಡಿಸ್ತೇನೆ’ ಎಂಬ ನಮ್ಮ ಮನೆಯ ರಾಜಿ ಸೂತ್ರಕ್ಕೆ ಅಲ್ಲಿಗೆ ತೆರೆ.

ಹಬೆಯೂ ಸುಮ್ಮನಿರುವುದಿಲ್ಲ. 1984ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಕೆನಡಾದ ಕ್ವಿಬೆಕ್‌ನಲ್ಲಿ ಸಿಗಡಿಯ ನೆಂಟ ಏಡಿಯನ್ನು ಬೇಯಿಸಿ ಸಂಸ್ಕರಿಸುವ 303 ಕೆಲಸಗಾರರನ್ನು ಪರೀಕ್ಷಿಸಿದಾಗ ಶೇ. 15ರಷ್ಟು ಮಂದಿಗೆ ಆ ಕೆಲಸದಿಂದಲೇ ಆಸ್ತಮಾ ಹತ್ತಿತ್ತು.

ಹಾಗಾದರೆ ಕೋಳಿಯಲ್ಲೂ ಕುರಿಯಲ್ಲೂ ಇರುವ ಇದೇ ಪ್ರೋಟೀನ್ ಏಕೆ ತೊಂದರೆ ಕೊಡುವುದಿಲ್ಲ? ಅವು ನಮ್ಮ ಹತ್ತಿರದ ಸಂಬಂಧಿಕರು. ಅವುಗಳ ಟ್ರೋಪೋಮಯೋಸಿನ್ ಹೆಚ್ಚುಕಡಿಮೆ ನಮ್ಮದೇ ಪ್ರತಿ. ಮೈ ಅದನ್ನು ಪರಕೀಯ ಎನ್ನುವುದಿಲ್ಲ. ಸಿಗಡಿಯದ್ದು ನಮ್ಮದರೊಡನೆ ಹೋಲುವುದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಮೀನಿನ ಅಲರ್ಜಿಯ ಮುಖ್ಯ ಆರೋಪಿ ಪಾರ್ವಾಲ್ಬುಮಿನ್ ಎಂಬ ಬೇರೆಯದೇ ಸ್ನಾಯು ಪ್ರೋಟೀನ್. ಚಿಕ್ಕಮ್ಮ ಬಂಗುಡೆ ಪುಳಿಮುಂಚಿಯನ್ನು ನಿಶ್ಚಿಂತೆಯಿಂದ ಸವಿಯುವುದು ಅದಕ್ಕೇ.

ಸಿಗಡಿಯ ನಿಜವಾದ ನೆಂಟರು ಏಡಿ, ಜಿರಳೆ, ಹಾಸಿಗೆಯ ದೂಳಿನ ನುಸಿ. ಈ ನೆಂಟಸ್ತಿಕೆಯಿಂದ ವಿಚಿತ್ರ ಫಲಿತಾಂಶಗಳು ಬರುತ್ತವೆ. ಧರ್ಮದ ಕಟ್ಟಳೆಯಿಂದ ಸಿಗಡಿಯನ್ನು ಬಾಯಿಗೇ ಇಡದ ಸಾಂಪ್ರದಾಯಿಕ ಯಹೂದಿಗಳ ರಕ್ತದಲ್ಲಿ ಸಿಗಡಿಯ ಟ್ರೋಪೋಮಯೋಸಿನ್ನಿಗೆ ಅಂಟುವ ಐಜಿಇ ಇರುವುದು 2003ರಲ್ಲಿ ವರದಿಯಾಯಿತು. ದೂಳುನುಸಿಯ ಅಲರ್ಜಿಯೇ ಅಲ್ಲಿ ಮೂಲ. ಹುಟ್ಟಾ ಸಸ್ಯಾಹಾರಿಯ ಅಲರ್ಜಿ ಪರೀಕ್ಷೆಯ ವರದಿಯಲ್ಲಿ ‘ಸಿಗಡಿ: ಪಾಸಿಟಿವ್’ ಎಂದು ಬಂದರೆ ಮನೆಯವರು ಅವನನ್ನು ಅನುಮಾನದಿಂದ ನೋಡಬೇಕಾಗಿಲ್ಲ. ಐರೋಪ್ಯ ಒಕ್ಕೂಟ 2021ರಲ್ಲಿ ಒಣಗಿಸಿದ ಹಿಟ್ಟುಹುಳುವನ್ನು ಆಹಾರವೆಂದು ಒಪ್ಪಿದಾಗ, ಸಿಗಡಿ-ಏಡಿ ಆಗದವರಿಗೆ ಎಚ್ಚರಿಕೆ ಮುದ್ರಿಸಲು ಹೇಳಿತು. ಮಲೆನಾಡಿನ ಚಗಳಿ ಚಟ್ನಿಯಲ್ಲಿ ಅರೆದಿರುವುದೂ ಕೀಟದ ಸ್ನಾಯುವನ್ನೇ.

ಇಷ್ಟಾದರೂ ಒಂದು ಹಳೆಯ ತಪ್ಪು ಇನ್ನೂ ಓಡಾಡುತ್ತಿದೆ: ಸಿಗಡಿ ಅಲರ್ಜಿ ಎಂದರೆ ಅಯೋಡಿನ್ ಅಲರ್ಜಿ ಎಂಬುದು. ಸ್ಕ್ಯಾನಿಂಗ್‌ಗೆ ಮೊದಲು ಅಯೋಡಿನ್ ಇರುವ ಬಣ್ಣದ್ರವ ಚುಚ್ಚುವಾಗ ‘ಸಿಗಡಿ ಆಗುತ್ತಾ?’ ಎಂದು ಚಿಕ್ಕಮ್ಮನನ್ನೂ ಒಂದು ಆಸ್ಪತ್ರೆಯಲ್ಲಿ ಕೇಳಿದ್ದರು. ಇಲ್ಲ ಎಂದದ್ದಕ್ಕೆ ಪರೀಕ್ಷೆಯನ್ನೇ ಮುಂದೂಡಿದರು. 1970ರ ದಶಕದ ಸಮೀಕ್ಷೆಯೊಂದರಲ್ಲಿ, ಬಣ್ಣದ್ರವ ಒಗ್ಗದ ಕೆಲವರು ಚಿಪ್ಪುಜೀವಿಗಳ ಅಲರ್ಜಿಯೂ ಇದೆ ಎಂದಿದ್ದರು. ಬೇರೆ ಆಹಾರಗಳ ಹೆಸರು ಹೇಳಿದವರೂ ಇದ್ದರು. ಆದರೆ ಅಯೋಡಿನ್ ಕಥೆ ಮಾತ್ರ ಉಳಿದುಕೊಂಡಿತು. ಅಡುಗೆ ಉಪ್ಪಿನಲ್ಲಿ ದಿನವೂ ಅಯೋಡಿನ್ ತಿನ್ನುವ ಚಿಕ್ಕಮ್ಮನಿಗೆ ಇದು ನಗುವ ವಿಷಯ.

ಟ್ರೋಪೋಮಯೋಸಿನ್ ಒಂದೇ ಅಪರಾಧಿಯೂ ಅಲ್ಲ. 2003ರಲ್ಲಿ ತೈವಾನಿನಿಂದ ಅರ್ಜಿನೈನ್ ಕೈನೇಸ್ ಎಂಬ ಕಿಣ್ವ, 2008ರಲ್ಲಿ ಮಯೋಸಿನ್ನಿನ ಹಗುರ ಸರಪಣಿ, ಆಮೇಲೆ ಕ್ಯಾಲ್ಸಿಯಂ ಹಿಡಿಯುವ ಇನ್ನೊಂದು ಪ್ರೋಟೀನ್. ಎಲ್ಲವೂ ಸ್ನಾಯುವಿನವೇ. ಹಾಗಾಗಿ ಟ್ರೋಪೋಮಯೋಸಿನ್ ಪರೀಕ್ಷೆ ನೆಗೆಟಿವ್ ಬಂತೆಂದು ಸಿಗಡಿ ಘೀ ರೋಸ್ಟ್‌ಗೆ ಕೈಹಾಕುವ ಹಾಗಿಲ್ಲ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಸಿಗಡಿ, ಏಡಿಯ ಹೆಸರು ಬರಲೇಬೇಕು. ಮೀನೂಟದ ಹೋಟೆಲಿನ ಕಾವಲಿಗೆ ಲೇಬಲ್ ಇಲ್ಲ. ಚಿಕ್ಕಮ್ಮ ಈಗ ಕಾಣೆ ಫ್ರೈ ಹೇಳುವ ಮೊದಲು ಅಡುಗೆಮನೆಯ ಬಾಗಿಲಿಗೇ ಹೋಗಿ ಕೇಳುತ್ತಾರೆ: ‘ಮಗಾ, ಈ ಎಣ್ಣೆಯಲ್ಲಿ ಮೊದ್ಲು ಎಂತ ಹುರ್ದದ್ದು?’