ಸೂಜಿ ಬೇಡ ಎಂದ ಹುಡುಗಿಯರು

ಮಕ್ಕಳ ಐತಿಹಾಸಿಕ ಕಾದಂಬರಿಗಳಲ್ಲಿ ಹಟಮಾರಿ ಹುಡುಗಿಗೆ ಕೊರತೆಯಿಲ್ಲ. ಹೊಲಿಗೆ ಬೇಡ, ಅಡುಗೆ ಬೇಡ, ಮದುವೆಯಂತೂ ಬೇಡವೇ ಬೇಡ ಅನ್ನುತ್ತಾಳೆ. ಆದರೆ ಕೊನೆಗೆ ಅವಳಿಗೆ ಏನಾಗುತ್ತದೆ ಅಂತ ಗಮನಿಸಿ. ಕಥೆ ನಡೆದ ಕಾಲಕ್ಕಿಂತ ಅದನ್ನು ಬರೆದ ಕಾಲವೇ ಅಲ್ಲಿ ಜಾಸ್ತಿ ಮಾತಾಡುತ್ತದೆ.

ಇವರಿಗೆಲ್ಲ ಹಿರಿಯಕ್ಕ ‘ಲಿಟಲ್ ವಿಮೆನ್’ ಕಾದಂಬರಿಯ ಜೋ ಮಾರ್ಚ್. 1868ರಲ್ಲಿ ಅದು ಬಂದಾಗ ಅಮೆರಿಕದ ಅಂತರ್ಯುದ್ಧ ಮುಗಿದು ಮೂರೇ ವರ್ಷ ಆಗಿತ್ತು. ಜೋ ಮದುವೆಯಾಗದೆ ಬರಹಗಾರ್ತಿಯಾಗಿಯೇ ಇರಲಿ ಅನ್ನುವುದು ಲೇಖಕಿ ಲೂಯಿಸಾ ಮೇ ಆಲ್ಕಾಟ್ ಆಸೆ. ಓದುಗ ಹುಡುಗಿಯರು ಬಿಡಲಿಲ್ಲ. ಪಕ್ಕದ ಮನೆಯ ಹುಡುಗ ಲಾರಿಗೇ ಕೊಟ್ಟು ಮದುವೆ ಮಾಡಿ ಎಂದು ಪತ್ರ ಬರೆದರು. 1869ರ ಎರಡನೇ ಭಾಗದಲ್ಲಿ ಆಲ್ಕಾಟ್ ಮದುವೆಯನ್ನೇನೋ ಮಾಡಿಸಿದರು, ಆದರೆ ವಯಸ್ಸಿನಲ್ಲಿ ತುಂಬಾ ದೊಡ್ಡವನಾದ ಒಬ್ಬ ಪ್ರೊಫೆಸರ್ ಜೊತೆ.

1935ರ ‘ಕ್ಯಾಡಿ ವುಡ್‌ಲಾನ್’ ಹಿಂದಿನ ಕಾಲಕ್ಕೆ ತಿರುಗಿ ನೋಡಿ ಬರೆದ ಪುಸ್ತಕ. ಕ್ಯಾರೊಲ್ ರೈರಿ ಬ್ರಿಂಕ್ ತಮ್ಮ ಅಜ್ಜಿಯ ಬಾಲ್ಯವನ್ನೇ ಕಥೆ ಮಾಡಿದರು. 1860ರ ದಶಕದ ವಿಸ್ಕಾನ್ಸಿನ್ ಕಾಡಂಚು. ತಂಗಿ ತೀರಿಕೊಂಡ ಮೇಲೆ, ಇವಳಾದರೂ ಗಟ್ಟಿಯಾಗಲಿ ಎಂದು ಅಪ್ಪ ಕ್ಯಾಡಿಯನ್ನು ಗಂಡುಹುಡುಗರ ಜೊತೆ ಓಡಾಡಲು ಬಿಟ್ಟಿರುತ್ತಾನೆ. ಅಪ್ಪನ ಜೊತೆ ಕೂತು ಗಡಿಯಾರ ರಿಪೇರಿ ಮಾಡುವ ಹುಡುಗಿ ಅವಳು. ಒಮ್ಮೆ ಅಣ್ಣತಮ್ಮಂದಿರ ಜೊತೆ ಸೇರಿ ತುಂಟಾಟ ಮಾಡುತ್ತಾಳೆ. ಏಟು ಬೀಳುವುದು ಅವಳೊಬ್ಬಳಿಗೇ. ರಾತ್ರಿ ಅಪ್ಪ ಬಂದು ಹೆಣ್ಣಾಗಿ ಬೆಳೆಯುವುದು ಎಷ್ಟು ದೊಡ್ಡ ಕೆಲಸ ಎಂದು ಮೆತ್ತಗೆ ಹೇಳುತ್ತಾನೆ. ಅವಳು ಒಪ್ಪಿಕೊಳ್ಳುತ್ತಾಳೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಪುಟ ಇದು. ಹುಡುಗರಿಗೆ ಅಂಥ ಬುದ್ಧಿಮಾತು ಯಾಕಿಲ್ಲ?

1970ರ ದಶಕದ ಸ್ತ್ರೀ ಚಳವಳಿಯ ನಂತರ ಮುಕ್ತಾಯಗಳು ಬದಲಾದವು. ಆವಿ ಎಂಬ ಲೇಖಕ ಬರೆದ, 1990ರಲ್ಲಿ ಬಂದ ಕಾದಂಬರಿಯ ಷಾರ್ಲೆಟ್ ಡಾಯ್ಲ್ ಹದಿಮೂರರ ಹುಡುಗಿ. 1832ರಲ್ಲಿ ಲಿವರ್‌ಪೂಲ್‌ನಿಂದ ಹಡಗು ಹತ್ತಿದವಳು, ಹಗ್ಗ ಹಿಡಿದು ಪಟಗಂಬ ಏರಿ ನಾವಿಕಳಾಗುತ್ತಾಳೆ. ಮನೆಗೆ ಬಂದರೆ ಅಪ್ಪ ಅವಳ ದಿನಚರಿಯನ್ನು ಬೆಂಕಿಗೆ ಹಾಕುತ್ತಾನೆ. ಅವಳು ಓಡಿಹೋಗಿ ಮತ್ತೆ ಹಡಗು ಸೇರುತ್ತಾಳೆ.

ಇದಕ್ಕೆ ಆಕ್ಷೇಪವೂ ಬಂತು. ಇಂಥ ನಾಯಕಿಯರಿಗೆ ಇವತ್ತಿನ ಮನಸ್ಸು ತೊಡಿಸಿದ್ದಾರೆ, ಆ ಕಾಲದಲ್ಲಿ ಬಂಡಾಯಕ್ಕೆ ತೆರಬೇಕಿದ್ದ ಬೆಲೆಯನ್ನೇ ಮರೆಸಿದ್ದಾರೆ ಎಂದು ವಿಮರ್ಶಕಿ ಆ್ಯನ್ ಸ್ಕಾಟ್ ಮೆಕ್ಲೌಡ್ 1998ರಲ್ಲಿ ‘ಹಾರ್ನ್ ಬುಕ್’ ಪತ್ರಿಕೆಯಲ್ಲಿ ಬರೆದರು. ಮಾತಿನಲ್ಲಿ ಹುರುಳಿದೆ. ಆದರೆ ಹಿಂದಿನ ಹುಡುಗಿಯರೆಲ್ಲ ಸುಮ್ನೆ ತಲೆಯಾಡಿಸಿದರು ಎಂದು ಮಕ್ಕಳಿಗೆ ಹೇಳುವುದೂ ಸುಳ್ಳೇ ಅಲ್ವಾ? ಅಮೆರಿಕದಲ್ಲಿ ಹೆಂಗಸರು ಮತದ ಹಕ್ಕು ಕೇಳಿದ ಸೆನೆಕಾ ಫಾಲ್ಸ್ ಸಮಾವೇಶ ನಡೆದದ್ದು 1848ರಲ್ಲಿ.

ಬೆಲೆಯನ್ನು ಮುಚ್ಚಿಡದೆ ಬರೆದವರೂ ಇದ್ದಾರೆ. ಜಾಕ್ವೆಲಿನ್ ಕೆಲ್ಲಿಯ ಕ್ಯಾಲ್ಪರ್ನಿಯಾ ಟೇಟ್, 1899ರ ಟೆಕ್ಸಸ್‌ನಲ್ಲಿ ತಾತನ ಜೊತೆ ಗಿಡ, ಹುಳು ನೋಡುತ್ತಾ ವಿಜ್ಞಾನಿಯಾಗುವ ಕನಸು ಕಾಣುತ್ತಾಳೆ. ಕ್ರಿಸ್‌ಮಸ್ ದಿನ ಉಡುಗೊರೆ ಬಿಚ್ಚುವಾಗ ಮೊದಲು ಕಾಣುವುದು ‘ವಿಜ್ಞಾನ’ ಅನ್ನುವ ಪದ. ಅವಳು ಹಿಗ್ಗುತ್ತಾಳೆ. ಪೂರ್ತಿ ಬಿಚ್ಚಿದರೆ ಅದು ಮನೆವಾರ್ತೆಯ ವಿಜ್ಞಾನದ ಪುಸ್ತಕ! ಕೊಟ್ಟ ಅಪ್ಪ-ಅಮ್ಮ ಕೆಟ್ಟವರಲ್ಲ. ಮಗಳ ಒಳ್ಳೆಯದಕ್ಕೇ ಕೊಟ್ಟಿದ್ದಾರೆ. ಅವಳು ಓಡಿಹೋಗುವುದಿಲ್ಲ. ಮುಂದೇನು ಎಂದು ಕಾದಂಬರಿಯೂ ತೀರ್ಮಾನ ಕೊಡುವುದಿಲ್ಲ. ಷಾರ್ಲೆಟ್ ಮತ್ತೆ ಹಡಗು ಹತ್ತಿದಾಗ ನನಗೆ ಕುಣಿಯುವಷ್ಟು ಖುಷಿಯಾಗುತ್ತದೆ, ಆದರೆ ನಾನು ನಂಬುವುದು ಕ್ಯಾಲ್ಪರ್ನಿಯಾಳ ಕಥೆಯನ್ನು.